ನೂಲಿಯ ಬಿಳಿ ಗುರುತು

ಮಕ್ಕಳೇ, ಊರಿನ ಗದ್ದಲ ಕೇಳಿಸದಷ್ಟು ದೂರದಲ್ಲಿ ಒಂದು ಕೆರೆ. ಕೆರೆಯ ಏರಿಯ ಮೇಲೆ ಒಂದು ಜಾಲಿ ಮರ. ಅದು ನೆಟ್ಟಗೆ ಬೆಳೆಯದೆ, ನೀರು ಕುಡಿಯಲು ಹೊರಟಂತೆ ಕೆರೆಯ ಕಡೆಗೆ ಬಾಗಿತ್ತು. ಬಾಗಿದ ಕೊಂಬೆಗಳ ತುದಿಯಲ್ಲಿ ಗೀಜಗಗಳ ಗೂಡುಗಳು ಸೋರೆಕಾಯಿಗಳ ಹಾಗೆ ತೂಗುತ್ತಿದ್ದವು. ಮರದ ಬುಡದಲ್ಲಿ ದಟ್ಟವಾದ ಪೊದೆ. ಆ ಪೊದೆಯಲ್ಲಿ ಜೇಡಗಳ ವಾಸ.

ಆ ಕೆರೆಯ ಜೇಡಗಳಿಗೆ ಬಲೆ ಹೆಣೆಯುವುದು ಹೊಟ್ಟೆಪಾಡು ಮಾತ್ರವಲ್ಲ, ಕಸುಬೂ ಆಗಿತ್ತು. ಬಿಲಕ್ಕೆ ಸೊಳ್ಳೆ ನುಗ್ಗಿದರೆ ಜೇಡವನ್ನು ಕರೆಯುತ್ತಿದ್ದರು. ಪೊಟರೆಗೆ ದೂಳು ಬಿದ್ದರೂ ಜೇಡವನ್ನೇ ಕರೆಯುತ್ತಿದ್ದರು. ಬಲೆ ಚೆನ್ನಾಗಿದ್ದರೆ ಆ ಮನೆಯವರು ಜೇಡಕ್ಕೆ ತಮ್ಮ ಅಂಗಳದಲ್ಲಿ ಜಾಗ ಕೊಡುತ್ತಿದ್ದರು, ಕಾವಲೂ ಇರುತ್ತಿದ್ದರು.

ಜೇಡಗಳಿಗೆ ಕಾವಲು ಬೇಕೇ ಬೇಕು. ಅಲ್ಲಿ ಕಣಜಗಳ ಕಾಟ ವಿಪರೀತ. ಮಣ್ಣಿನ ಗೂಡು ಕಟ್ಟುವ ಕಣಜ ಜೇಡವನ್ನು ಕಂಡರೆ ಬಿಡುವುದಿಲ್ಲ. ಕುಟುಕಿ, ಎತ್ತಿಕೊಂಡು ಹೋಗಿ ಮರಿಗಳಿಗೆ ಉಣಿಸುತ್ತದೆ. ಕಣಜ ಸುಳಿಯದ ಜಾಗವೆಂದರೆ ಆ ಜಾಲಿ ಮರ ಒಂದೇ. ಅಲ್ಲಿ ಸುಳಿದ ಕಣಜವನ್ನು ಗೀಜಗಗಳು ಕೆರೆಯಾಚೆಗೂ ಅಟ್ಟಿಸಿಕೊಂಡು ಹೋಗುತ್ತಿದ್ದವು. ಆದರೆ ಮರದಲ್ಲಿ ಜೇಡಗಳಿಗೆ ಸುಮ್ಮನೆ ಜಾಗ ಸಿಗುತ್ತಿರಲಿಲ್ಲ. ಕೆಲಸದಲ್ಲಿ ಹೆಸರು ಮಾಡಿದ ಜೇಡವಾದರೆ ನೆರೆಯವಳು. ಇಲ್ಲದಿದ್ದರೆ ಗೀಜಗದ ಮರಿಗಳಿಗೆ ಒಂದು ತುತ್ತು.

ನೂಲಿ ಎಂಬ ಎಳೆಯ ಜೇಡಕ್ಕೆ ಆ ಜಾಗ ಬೇಕಾಗಿತ್ತು. ಅವಳ ಹೊಟ್ಟೆಯಲ್ಲಿ ಮೊಟ್ಟೆಗಳು ಬಲಿಯುತ್ತಿದ್ದವು. ಮಳೆ ಹಿಡಿಯುವ ಮೊದಲು ಮೊಟ್ಟೆಯ ಚೀಲವನ್ನು ಎಲ್ಲಾದರೂ ಕಟ್ಟಬೇಕು. ಪೊದೆಯಲ್ಲಿ ಕಟ್ಟಿದರೆ ಕಣಜದ ಪಾಲು. ಜಾಲಿಯ ಯಾವುದಾದರೂ ಒಂದು ಕವಲಿನಲ್ಲಿ ಕಟ್ಟಿದರೆ ಅಷ್ಟೂ ಮರಿಗಳು ಬದುಕುತ್ತವೆ. ಅದಕ್ಕೆ ಅವಳಿಗೆ ಹೆಸರು ಬೇಕಾಗಿತ್ತು, ಅದೂ ಬೇಗನೆ.

ನೂಲಿಯ ಕುಲದವರಿಗೆ ಒಂದು ಪದ್ಧತಿಯಿತ್ತು. ಬಲೆಯ ನಡುವೆ ಬಿಳಿ ನೂಲಿನಿಂದ ಅಂಕುಡೊಂಕಾದ ಒಂದು ಗುರುತು ಹಾಕುವುದು. ಅದನ್ನು ನೋಡಿದರೆ ಬಲೆ ಯಾರದೆಂದು ಕೆರೆಗೆಲ್ಲ ಗೊತ್ತಾಗುತ್ತಿತ್ತು. ಆದರೆ ಗುರುತು ಹಾಕಬೇಕಾದದ್ದು ಕಟ್ಟಕಡೆಗೆ. ಬಲೆ ಮುಗಿಸಿ, ನಡುವೆ ಕುಳಿತು, ಒಂದು ಗಾಳಿ ಬೀಸುವವರೆಗೆ ಕಾಯಬೇಕು. ಬಲೆ ನಿಂತರೆ ಗುರುತು. ನಿಲ್ಲದಿದ್ದರೆ ಬಲೆಯನ್ನು ತಿಂದು ಮತ್ತೆ ಹೆಣೆಯಬೇಕು. ಜೇಡಗಳು ತಮ್ಮ ಬಲೆಯನ್ನು ತಾವೇ ತಿನ್ನುತ್ತವೆ, ಮಕ್ಕಳೇ. ತಿಂದದ್ದು ಹೊಟ್ಟೆಯಲ್ಲಿ ಮತ್ತೆ ನೂಲಾಗುತ್ತದೆ.

ನೂಲಿಗೆ ಗಾಳಿ ಕಾಯುವಷ್ಟು ಪುರುಸೊತ್ತಿರಲಿಲ್ಲ. ಅದೇ ಅವಳ ತಪ್ಪು.

ಒಂದು ಬೆಳಿಗ್ಗೆ ಅವಳು ತನ್ನ ಚಿಂತೆಯನ್ನು ಬಾಲಣ್ಣನ ಮುಂದೆ ಹೇಳಿಕೊಂಡಳು. ಬಾಲಣ್ಣ ಒಂದು ಅಳಿಲು. ಕೆಟ್ಟವನಲ್ಲ. ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ತಿನ್ನುವಾಗಲೂ ಮಾತಾಡುವವನು.

"ತಂಗೀ, ಬಲೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಯಾವುದು?" ಎಂದು ಕೇಳಿದ.

"ಗುರುತು."

"ಆಧಾರದ ಎಳೆಗಳನ್ನು ಯಾರಾದರೂ ನೋಡುತ್ತಾರಾ?"

"ಇಲ್ಲ. ಅವು ಎಲೆಯ ಹಿಂದೆ ಇರುತ್ತವೆ."

"ಮತ್ತೆ? ಕಾಣುವುದನ್ನು ದಪ್ಪಗೆ ಮಾಡು. ಕೆರೆಗೆಲ್ಲ ಕೂಗಿ ಹೇಳುವ ಕೆಲಸ ನನಗೆ ಬಿಡು."

ನೂಲಿಗೆ ಇದು ಸರಿಯೆನಿಸಿತು. ಜೇಡದ ಹೊಟ್ಟೆಯಲ್ಲಿ ಒಂದು ದಿನಕ್ಕೆ ಇಷ್ಟೇ ನೂಲು ಎಂದಿರುತ್ತದೆ. ಅದನ್ನು ಎಲ್ಲಿ ಖರ್ಚು ಮಾಡಬೇಕೆಂಬುದೇ ಕಸುಬಿನ ಗುಟ್ಟು. ನೂಲಿ ಮೊದಲು ಗುರುತನ್ನೇ ಹಾಕತೊಡಗಿದಳು. ದಪ್ಪಗೆ, ಅಗಲವಾಗಿ, ಏರಿಯ ಆಚೆ ತುದಿಗೂ ಕಾಣುವಂತೆ. ಉಳಿದ ನೂಲಿನಲ್ಲಿ ಬಲೆ. ಅದರಲ್ಲೂ ಉಳಿದ ಚೂರುಪಾರಿನಲ್ಲಿ ಆಧಾರದ ಎಳೆ.

ಬಾಲಣ್ಣ ಹೇಳಿದಂತೆ ಮಾಡಿದ. ಕೊಂಬೆಯಿಂದ ಕೊಂಬೆಗೆ ಹಾರುತ್ತಾ, ಬಿಳಿ ಗುರುತಿನ ಬಲೆಯಿಲ್ಲದ ಮನೆ ಮನೆಯೇ ಅಲ್ಲ ಎಂದು ಸಾರಿದ. ಮೈನಾಗಳು ಕೇಳಿದವು. ಓತಿಕ್ಯಾತಗಳು ತಲೆಯಾಡಿಸಿದವು. ಪೊದೆಯ ಹಳೆಯ ಜೇಡಗಳನ್ನು ಬಿಟ್ಟು ಎಲ್ಲರೂ ನೂಲಿಯನ್ನೇ ಕರೆಯತೊಡಗಿದರು. ಅವಳು ಯಾರಿಗೂ ಆಗುವುದಿಲ್ಲ ಎನ್ನಲಿಲ್ಲ. ಬೆಳಿಗ್ಗೆ ಬಿಲ, ಮಧ್ಯಾಹ್ನ ಪೊಟರೆ, ಸಂಜೆ ಇನ್ನೊಂದು ಬಿಲ.

ಜಾಲಿ ಮರದ ಗೀಜಗಗಳಲ್ಲಿ ಹಿರಿಯಳು ತೆನೆಯಕ್ಕ. ಅವಳೂ ಒಂದು ದಿನ ಕೆಳಗಿನ ಕೊಂಬೆಗೆ ಇಳಿದು, ಹೊಸ ಜೇಡದ ಹೆಸರೇನೆಂದು ವಿಚಾರಿಸಿ ಹೋದಳು. ಸುದ್ದಿ ಕೇಳಿ ನೂಲಿ ತನ್ನ ಎಂಟು ಕಾಲುಗಳನ್ನೂ ಒರೆಸಿಕೊಂಡಳು. ಕವಲು ಸಿಕ್ಕಿತೆಂದೇ ಅಂದುಕೊಂಡಳು.

ಮಾರನೆಯ ಬೆಳಿಗ್ಗೆ ಮುಂಗುಸಿಯಕ್ಕ ನೀರು ಕುಡಿಯಲು ಕೆರೆಗೆ ಬಂದಳು. ಹಿಂದಿನ ಸಂಜೆ ನೂಲಿ ಅವಳ ಬಿಲದ ಬಾಯಿಗೆ ಸೊಳ್ಳೆಯ ಬಲೆ ಕಟ್ಟಿ ಬಂದಿದ್ದಳು. ಅಷ್ಟು ಹೊತ್ತಿಗೆ ನೀರಿನ ಬಳಿ ಕೆರೆಯ ಅರ್ಧ ಮಂದಿ ಸೇರಿದ್ದರು. ಎಲ್ಲರೂ ಮುಂಗುಸಿಯ ಮುಖವನ್ನೇ ನೋಡಿದರು. ಬೆಳಗಿನ ತಂಗಾಳಿಗೆ ಬಲೆ ಕಿತ್ತು ಬಂದು ಅವಳ ಮೂತಿಗೆ ಅಂಟಿಕೊಂಡಿತ್ತು. ಬಿಳಿ ಗುರುತು ಮಾತ್ರ ಒಂದು ಚೂರೂ ಹರಿಯದೆ, ಮೂಗಿನಿಂದ ಹಣೆಯವರೆಗೆ ನೆಟ್ಟಗೆ ನಿಂತಿತ್ತು.

ಒಂದು ಮೈನಾ ತಲೆ ಓರೆ ಮಾಡಿ ಕೇಳಿತು. "ಅಕ್ಕಾ, ನೂಲಿ ನಿನಗೂ ನಾಮ ಹಾಕಿದಳಾ?"

ಕೆರೆಗೆ ಕೆರೆಯೇ ನಕ್ಕಿತು. ಮುಂಗುಸಿಯಕ್ಕನ ಹಿಂದೆ ಅವಳ ಮರಿಗಳು ಸಾಲಾಗಿ ಬಂದವು. ಎಲ್ಲದರ ಮೂಗೂ ಸೊಳ್ಳೆ ಕಚ್ಚಿ ಊದಿಕೊಂಡಿತ್ತು. ಅದನ್ನು ಕಂಡು ನಗು ನಿಂತಿತು. ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಮನೆಯ ಬಲೆಯ ಕತೆ ತೆಗೆದರು. ಒಂದು ಜೋತುಬಿದ್ದಿತ್ತು. ಇನ್ನೊಂದು ಉದುರಿಹೋಗಿತ್ತು. ಯಾರ ಕೆಲಸವೆಂದು ಯಾರೂ ಕೇಳಬೇಕಾಗಿರಲಿಲ್ಲ. ಗುರುತು ಅಷ್ಟು ದಪ್ಪಗಿತ್ತು.

ಮೇಲಿನ ಕೊಂಬೆಯಲ್ಲಿದ್ದ ತೆನೆಯಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಬೆನ್ನು ತಿರುಗಿಸಿ ಗೂಡಿನೊಳಗೆ ಹೋದಳು.

ಬಾಲಣ್ಣ ಪೊದೆಗೆ ಓಡಿ ಬಂದ. ಇದೇನೂ ದೊಡ್ಡ ಅನಾಹುತವಲ್ಲ ಎಂದ. ಗುಡ್ಡದ ಆಚೆ ಇನ್ನೊಂದು ಕೆರೆಯಿದೆ, ಅಲ್ಲಿಗೆ ಹೋಗಿ ಬೇರೆ ಗುರುತು ಹಾಕಿಕೊಂಡರೆ ಆಯಿತು, ಕೂಗಿ ಹೇಳಲು ತಾನೂ ಜೊತೆಗೆ ಬರುತ್ತೇನೆ ಎಂದ.

ನೂಲಿ ಕೇಳಿದಳು, "ಬಾಲಣ್ಣ, ಗುರುತು ಬದಲಾಯಿಸಿದರೆ ಎಳೆಯೂ ಬದಲಾಗುತ್ತದಾ?"

"ಎಳೆ ಹೇಗೆ ಬದಲಾಗುತ್ತದೆ? ಅದು ನಿನ್ನ ಹೊಟ್ಟೆಯದಲ್ಲವಾ?"

"ಹಾಗಾದರೆ ಅಲ್ಲಿಯೂ ಕಿತ್ತು ಬರುತ್ತದೆ. ನಾನು ಎಲ್ಲಿಗೂ ಬರುವುದಿಲ್ಲ," ಎಂದು ಅವಳು ಹೊರಟೇಬಿಟ್ಟಳು.

ನೇರವಾಗಿ ಹೋದದ್ದು ಮುಂಗುಸಿಯ ಬಿಲಕ್ಕೆ. ಯಾರೂ ಕರೆದಿರಲಿಲ್ಲ. ಮುಂಗುಸಿಯಕ್ಕ ಬಾಗಿಲಲ್ಲೇ ಕುಳಿತು ಮೂತಿ ಒರೆಸಿಕೊಳ್ಳುತ್ತಿದ್ದಳು. ನೂಲಿ ಬಿಲದ ಅಂಚಿನಲ್ಲಿ ನೇತಾಡುತ್ತಿದ್ದ ತನ್ನ ಹರಕು ಬಲೆಯನ್ನು ತಿನ್ನತೊಡಗಿದಳು.

"ತಿನ್ನು, ತಿನ್ನು. ನಿನ್ನ ಅಡುಗೆ ನೀನೇ ಉಣ್ಣಬೇಕು," ಎಂದಳು ಮುಂಗುಸಿಯಕ್ಕ.

ನೂಲಿ ತಿಂದು ಮುಗಿಸಿದಳು. ಆಮೇಲೆ ಹೆಣೆಯಲು ಕುಳಿತಳು. ಈ ಸಲ ಮೊದಲು ಆಧಾರದ ಎಳೆ. ಕಲ್ಲಿಗೊಂದು, ಬೇರಿಗೊಂದು, ಬೇರು ಅಲುಗಾಡುತ್ತಿದ್ದರೆ ಅದಕ್ಕೆ ಜೋಡಿ ಎಳೆ. ಬಲೆ ಮುಗಿಯಿತು. ನಡುವೆ ಕುಳಿತು ಗಾಳಿಗಾಗಿ ಕಾದಳು. ಗಾಳಿ ಬರುವ ಲಕ್ಷಣವೇ ಇರಲಿಲ್ಲ. ಮುಂಗುಸಿಯಕ್ಕ ಅವಳನ್ನೇ ನೋಡುತ್ತಿದ್ದು, ಬೇಸತ್ತು, ತಾನೇ ಬಲೆಯ ಮೇಲೆ ಫೂ ಎಂದು ಊದಿದಳು. ಬಲೆ ಅಲುಗಾಡಿ ಮತ್ತೆ ನಿಂತಿತು.

"ಇನ್ನು ಸಾಕು, ಹೋಗು," ಎಂದಳು.

ನೂಲಿ ಹೋಗಲಿಲ್ಲ. ನಿಜವಾದ ಗಾಳಿ ಬೀಸಿದ ಮೇಲೆಯೇ ಎದ್ದಳು. ಒಂದು ಚಿಕ್ಕ ಗುರುತು ಹಾಕಿದಳು, ನೋಡಬೇಕೆಂದು ನೋಡಿದರೆ ಮಾತ್ರ ಕಾಣುವಷ್ಟು. ಮರುದಿನ ಮತ್ತೆ ಬಂದು ಎಳೆಗಳನ್ನು ಒಂದೊಂದಾಗಿ ಮೀಟಿ ನೋಡಿ ಹೋದಳು.

ಹೀಗೆಯೇ ತಾನು ಕಟ್ಟಿದ ಪ್ರತಿಯೊಂದು ಬಲೆಯ ಮನೆಗೂ ಹೋದಳು. ಕೆಲವರು ಬೈದರು. ಕೆಲವರು ಬಾಗಿಲು ಬಿಟ್ಟು ಸರಿಯಲೇ ಇಲ್ಲ. ಅಂಥ ಕಡೆ ಹೊರಗೇ ಕಾದಳು. ಹೊಸದಾಗಿ ಕರೆದವರಿಗೆ ಈಗ ಆಗುವುದಿಲ್ಲ, ಹಳೆಯದು ಮುಗಿಯಲಿ ಎಂದಳು. ಆ ಮಾತನ್ನು ಅವಳ ಬಾಯಿಂದ ಯಾರೂ ಅದುವರೆಗೆ ಕೇಳಿರಲಿಲ್ಲ.

ಕೆಲವು ದಿನಗಳಾದ ಮೇಲೆ ತೆನೆಯಕ್ಕ ಕೆಳಗಿನ ಕೊಂಬೆಗೆ ಇಳಿದು ಮುಂಗುಸಿಯನ್ನು ಮಾತಾಡಿಸಿದಳು. ಆ ಜೇಡ ಹೇಗೆ ಎಂದು ಕೇಳಿದಳು.

ಮುಂಗುಸಿಯಕ್ಕ ಹೊಗಳುವವಳಲ್ಲ. "ಮೊದಲು ಕೆಟ್ಟದಾಗಿ ಕಟ್ಟಿದಳು. ಆಮೇಲೆ ಬಂದು ಸರಿಯಾಗಿ ಕಟ್ಟಿದಳು," ಎಂದಳು. ಹೊರಡುವಾಗ ತಿರುಗಿ, "ಕರೆಯದೆ ಬಂದಳು," ಎಂದಳು.

ತೆನೆಯಕ್ಕನಿಗೆ ಅಷ್ಟು ಸಾಕಾಗಿತ್ತು. ನೂಲಿಗೆ ಕರೆ ಬಂತು.

ಕೆಲಸ ಸಣ್ಣದಾಗಿರಲಿಲ್ಲ. ಗೀಜಗಗಳ ಗೂಡುಗಳು ನೀರಿನ ಮೇಲೆ ತೂಗುತ್ತಿದ್ದವು ಎಂದೆನಲ್ಲ? ರೆಕ್ಕೆ ಬಲಿಯದ ಮರಿಗಳು ಗೂಡಿನ ಬಾಯಿಗೆ ಬಂದು ಇಣುಕುತ್ತವೆ. ಗಾಳಿ ಬಂದರೆ ಬೀಳುತ್ತವೆ. ಕೆಳಗೆ ಕೆರೆಯಲ್ಲಿ ಒಂದು ಮುದಿ ಬಾಳೆಮೀನು. ಅದರ ಬಾಯಿ ಎಷ್ಟು ಅಗಲವೆಂದರೆ, ಮುಖದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಮರಿಗಳ ಕಾಲ ಬಂತೆಂದರೆ ಅದು ಜಾಲಿಯ ನೆರಳು ಬಿಟ್ಟು ಕದಲುತ್ತಿರಲಿಲ್ಲ. ಗೂಡುಗಳ ಕೆಳಗೆ, ನೀರಿನ ಮೇಲೆ, ಬೀಳುವ ಮರಿಯನ್ನು ತಡೆಯುವ ಬಲೆ ಬೇಕು ಎಂದಳು ತೆನೆಯಕ್ಕ.

"ಬಲೆ ನಿಂತರೆ ಮರದ ಯಾವ ಕವಲು ಬೇಕೋ ಆರಿಸಿಕೊ. ನಿಲ್ಲದಿದ್ದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ನಮ್ಮ ಮರಿಗಳಿಗೆ ಹಸಿವು ಹೆಚ್ಚು."

ನೂಲಿ ತನ್ನ ಉಬ್ಬಿದ ಹೊಟ್ಟೆಯನ್ನು ನೋಡಿಕೊಂಡಳು. ಆಗಲಿ ಎಂದಳು.

ಗೀಜಗಗಳಲ್ಲಿಯೂ ಒಂದು ಪದ್ಧತಿಯಿದೆ. ಗಂಡು ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ಎಳೆದು, ಜಗ್ಗಿ, ಕೊಕ್ಕಿನಿಂದ ಕುಕ್ಕಿ ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಮುಂದಿನ ಕೆಲಸ. ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು. ತೆನೆಯಕ್ಕ ನೂಲಿಯ ಕೆಲಸವನ್ನೂ ಅದೇ ರೀತಿ ನೋಡುವವಳೇ.

ಮೊದಲ ಬಲೆಯ ಮೇಲೆ ಅವಳು ಒಂದು ಗರಿ ಉದುರಿಸಿದಳು. ಗರಿ ಅಂಟಿಕೊಂಡಿತು. ಎಳೆದರೂ ಬರಲಿಲ್ಲ. ನೂಲಿ ತನ್ನ ಅಭ್ಯಾಸದಂತೆ ಅಂಟಿನ ಎಳೆಯನ್ನೇ ಸುತ್ತಿದ್ದಳು.

"ನಮ್ಮ ಮರಿಗಳನ್ನು ನೊಣ ಅಂದುಕೊಂಡೆಯಾ?" ಎಂದಳು ತೆನೆಯಕ್ಕ. ಕೊಕ್ಕಿನಿಂದ ಒಂದು ಎಳೆತ. ಬಲೆ ಹೋಯಿತು.

ಪಕ್ಕದ ಅರ್ಧ ಗೂಡಿನಲ್ಲಿ ನೇತಾಡುತ್ತಿದ್ದ ಅವಳ ಗಂಡ ಮೆಲ್ಲಗೆ ಹೇಳಿದ, "ಬೇಜಾರು ಮಾಡಿಕೊಳ್ಳಬೇಡಮ್ಮ. ಕೆಳಗೆ ನೀರಲ್ಲಿ ಹುಲ್ಲಿನ ಮುದ್ದೆಗಳು ತೇಲುತ್ತಿವೆಯಲ್ಲ, ಎಲ್ಲಾ ನಾನು ಕಟ್ಟಿದ ಗೂಡುಗಳೇ."

ಎರಡನೆಯ ಬಲೆಗೆ ನೂಲಿ ಅಂಟಿಲ್ಲದ ಒಣ ಎಳೆ ಬಳಸಿದಳು. ಬಿಗಿಯಾಗಿ ಎಳೆದು ಕಟ್ಟಿದಳು. ತೆನೆಯಕ್ಕ ಒಂದು ಜಾಲಿಕಾಯಿ ಉದುರಿಸಿದಳು. ಕಾಯಿ ಬಲೆಯ ಮೇಲೆ ಬಿದ್ದು, ಪುಟಿದು, ಮೇಲೆ ಹಾರಿ ಸೀದಾ ನೀರಿಗೆ ಹೋಯಿತು. ಬಾಳೆಮೀನು ಅದನ್ನು ಮರಿಯೆಂದುಕೊಂಡು ನುಂಗಿ, ಉಗುಳಿತು.

ಈ ಸಲ ತೆನೆಯಕ್ಕ ಬಲೆಯನ್ನು ಕೀಳುವ ಮೊದಲೇ ನೂಲಿ ತಿನ್ನಲು ಶುರು ಮಾಡಿದ್ದಳು. ತೆನೆಯಕ್ಕನ ಕೊಕ್ಕಿನ ತುದಿಯಲ್ಲಿ ನಗುವಿನಂಥದ್ದು ಏನೋ ಕಾಣಿಸಿತು. ಗಂಡ ಅದನ್ನು ನೋಡಿ ಆಶ್ಚರ್ಯಪಟ್ಟ.

ಮೂರನೆಯದಕ್ಕೆ ನೂಲಿ ಬಹಳ ಹೊತ್ತು ಹೆಣೆಯಲೇ ಇಲ್ಲ. ಗೂಡಿನ ಬಾಯಿಂದ ಒಂದೊಂದೇ ಜಾಲಿಕಾಯಿ ಉದುರಿಸುತ್ತಾ, ಎಲ್ಲಿ ಬೀಳುತ್ತದೆ ಎಂದು ನೋಡುತ್ತಾ ಕುಳಿತಳು. ಗಾಳಿಯಿಲ್ಲದಾಗ ಎಲ್ಲಿ, ಗಾಳಿಯಿದ್ದಾಗ ಎಷ್ಟು ಆಚೆ. ಆಮೇಲೆ ಕೆಲಸಕ್ಕಿಳಿದಳು. ಎಳೆಗೆ ಎಳೆ ಹೊಸೆದು ಹುರಿ ಮಾಡಿದಳು. ಬಲೆಯನ್ನು ತೊಟ್ಟಿಲಿನ ಹಾಗೆ ಸಡಿಲವಾಗಿ ಇಳಿಬಿಟ್ಟಳು. ಆಧಾರದ ಹುರಿಗಳನ್ನು ಎರಡೆರಡಾಗಿ ಬೇರೆ ಬೇರೆ ಕೊಂಬೆಗೆ ಬಿಗಿದಳು. ಒಂದು ದಿನದ ನೂಲು ಸಾಲದಾಯಿತು. ಮತ್ತೊಂದು ದಿನ, ಇನ್ನೊಂದು ದಿನ. ಬಾಲಣ್ಣ ಬಂದು ಸುದ್ದಿ ಹಬ್ಬಿಸಲೇ ಎಂದು ಕೇಳಿದ. ಬೇಡ ಎಂದಳು.

ತೆನೆಯಕ್ಕ ಕಾಯಿ ಉದುರಿಸಿದಳು. ನಿಂತಿತು. ಎರಡು ಕಾಲಲ್ಲೂ ಹುರಿ ಹಿಡಿದು ಜಗ್ಗಿದಳು. ನಿಂತಿತು. ಕೊನೆಗೆ ಗಂಡನನ್ನು ಕರೆದು ಬಲೆಯ ಮೇಲೆ ಕೂರಿಸಿದಳು. ಅವನು ರೆಕ್ಕೆ ಮಡಚಿಕೊಂಡು, ಕಣ್ಣು ಮುಚ್ಚಿಕೊಂಡು ಕುಳಿತ. ನಿಂತಿತು.

"ಗುರುತು ಹಾಕುವುದಿಲ್ಲವಾ?" ಎಂದಳು ತೆನೆಯಕ್ಕ.

"ಗಾಳಿ ಬರಲಿ," ಎಂದಳು ನೂಲಿ.

ಗಾಳಿ ಆ ಮಧ್ಯಾಹ್ನವೇ ಬಂತು. ಮುಂಗಾರಿಗೆ ಮುಂಚೆ ಬರುವ, ದೂಳೆಬ್ಬಿಸಿಕೊಂಡು ನುಗ್ಗುವ ಗಾಳಿ. ಗೂಡುಗಳು ಗಂಟೆಗಳ ಹಾಗೆ ಓಲಾಡಿದವು. ಬಾಳೆಮೀನು ಬಾಯಿ ತೆರೆದುಕೊಂಡು ಸರಿಯಾಗಿ ಕೆಳಗೆ ಬಂದು ನಿಂತಿತು. ಏರಿಯ ಮೇಲೆ ಮುಂಗುಸಿ, ಮೈನಾ, ಓತಿಕ್ಯಾತ, ಪೊದೆಯ ಹಳೆಯ ಜೇಡಗಳು ಎಲ್ಲರೂ ಬಂದು ಸೇರಿದರು.

ಒಂದು ಮರಿ ಬಿತ್ತು. ಬಲೆ ಅದನ್ನು ಮೆಲ್ಲಗೆ ತೆಗೆದುಕೊಂಡಿತು. ಮತ್ತೊಂದು ಬಿತ್ತು, ಅದರ ಹಿಂದೆಯೇ ಇನ್ನೊಂದು. ಬಲೆ ಬಾಗಿತು, ನಿಂತಿತು. ಆಗ ಒಂದು ಒಣ ಕೊಂಬೆ ಮುರಿದು ಬಂದು, ಒಂದು ಕಡೆಯ ಜೋಡಿ ಹುರಿಗಳೆರಡನ್ನೂ ಒಟ್ಟಿಗೇ ಕಡಿದುಕೊಂಡು ಹೋಯಿತು. ಬಲೆಯ ಅಂಚು ಇಳಿಯಿತು. ಮರಿಗಳು ಅಂಚಿನ ಕಡೆಗೆ ಜಾರತೊಡಗಿದವು. ಬಾಳೆಮೀನು ಇನ್ನಷ್ಟು ಮೇಲೆ ಬಂತು.

ನೂಲಿ ಕೊಂಬೆಯಿಂದ ಜಿಗಿದಳು. ಗಾಳಿ ಅವಳನ್ನು ಎತ್ತಿ ಎಸೆಯಿತು. ಬೆನ್ನ ಹಿಂದೆ ಎಳೆ ಬಿಚ್ಚುತ್ತಾ ಹೋದಳು. ಎರಡನೆಯ ಸಲ ಬೀಸಿದಾಗ ಬಲೆಯ ಅಂಚು ಕಾಲಿಗೆ ಸಿಕ್ಕಿತು. ನಾಲ್ಕು ಕಾಲಲ್ಲಿ ಅಂಚನ್ನು ಹಿಡಿದಳು, ಎರಡು ಕಾಲಲ್ಲಿ ತನ್ನ ಎಳೆಯನ್ನು ಹಿಡಿದಳು. ಕಡಿದ ಹುರಿಯ ಜಾಗದಲ್ಲಿ ಈಗ ಅವಳೇ ಇದ್ದಳು.

"ಕಾಲು ಬಿಡಬೇಡ ತಾಯಿ," ಎಂದಳು ಏರಿಯ ಮೇಲಿದ್ದ ಮುಂಗುಸಿಯಕ್ಕ. 

ನೂಲಿ ಬಿಡಲಿಲ್ಲ. ಹಿಡಿದುಕೊಂಡೇ ಹಿಂಗಾಲಿನಿಂದ ಎಳೆಯ ಮೇಲೆ ಎಳೆ ಸುತ್ತಿದಳು. ಅಂಚು ಇಷ್ಟಿಷ್ಟೇ ಮೇಲೆ ಬಂತು. ಗೀಜಗಗಳು ಗಾಳಿಯನ್ನು ಸೀಳಿಕೊಂಡು ಬಂದು, ಒಂದೊಂದೇ ಮರಿಯನ್ನು ಕೊಂಬೆಗೆ ದಾಟಿಸಿದವು. ಎಲ್ಲ ಮರಿಗಳೂ ಸಿಕ್ಕಿದವು. ಒಂದೇ ಒಂದು ಗರಿ ನೀರಿಗೆ ಬಿತ್ತು. ಬಾಳೆಮೀನಿಗೆ ಅಂದು ಸಿಕ್ಕಿದ್ದು ಅದೊಂದೇ.

ಗಾಳಿ ನಿಂತ ಮೇಲೆ ನೂಲಿ ಬಲೆಯ ನಡುವೆ ಒಂದು ಚಿಕ್ಕ ಗುರುತು ಹಾಕಿದಳು. ಆಗ ಏರಿಯ ಮೇಲೆ ಎದ್ದ ಗದ್ದಲ ಗುಡ್ಡದ ಆಚೆಗೂ ಕೇಳಿಸಿರಬೇಕು. ಪೊದೆಯ ಹಳೆಯ ಜೇಡಗಳು ತಮ್ಮ ಕಾಲುಗಳನ್ನು ನೆಲಕ್ಕೆ ಬಡಿದವು. ಜೇಡಗಳಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ತೆನೆಯಕ್ಕ ನೂಲಿಯನ್ನು ಮರದ ನಡುಗೊಂಬೆಗೆ ಕರೆದುಕೊಂಡು ಹೋದಳು. ಮಳೆಯ ಇರಿಚಲು ಬಾರದ, ಬೆಳಗಿನ ಬಿಸಿಲು ಬೀಳುವ ಒಂದು ಕವಲು ತೋರಿಸಿ, "ಇದು ನಾನು ನನಗೆ ಅಂತ ಇಟ್ಟುಕೊಂಡಿದ್ದೆ. ಇವತ್ತಿನಿಂದ ನಿನ್ನದು," ಎಂದಳು. ಮಳೆ ಬೀಳುವ ಮೊದಲೇ ಅಲ್ಲಿ ಒಂದು ಮೊಟ್ಟೆಯ ಚೀಲ ತೂಗಿತು. ಅದರತ್ತ ಬಂದ ಕಣಜವನ್ನು ತೆನೆಯಕ್ಕನ ಗಂಡ ಅಟ್ಟಿದ್ದನ್ನು ನೋಡಿದರೆ, ಆ ಮೊಟ್ಟೆಗಳು ಅವನವೇ ಎನ್ನಬೇಕು.

ಹೊಟ್ಟೆಗಿಲ್ಲದ ಬಾಳೆಮೀನು ಸಿಟ್ಟಿನಿಂದ ಕೆರೆ ಬಿಟ್ಟು, ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಯಿತು. ಅಲ್ಲಿಂದ ಅದರ ಮುಂದಿನದಕ್ಕೆ.

ಮಳೆಗಾಲ ಮುಗಿಯುವ ಹೊತ್ತಿಗೆ, ಗುರುತು ಪರಿಚಯವಿಲ್ಲದ ಒಂದು ನೀರುಕೋಳಿ ದೂರದಿಂದ ಬಂದು ಜಾಲಿಯ ಕೆಳಗೆ ನಿಂತು, ನೂಲಿ ಎನ್ನುವವರು ಇಲ್ಲಿರುತ್ತಾರಾ ಎಂದು ಕೇಳಿತು. ತನ್ನ ಮರಿಗಳಿಗೂ ಒಂದು ಬಲೆ ಬೇಕಂತೆ. ಎಷ್ಟು ದಿನವಾದರೂ ಕಾಯುತ್ತದಂತೆ.

ಬಾಲಣ್ಣನಿಗೆ ತಡೆಯಲಾಗಲಿಲ್ಲ. "ನಾನು ಆ ಕಡೆಗೆ ಬಂದೇ ಇಲ್ಲ. ಇವಳ ಹೆಸರು ನಿನಗೆ ಯಾರು ಹೇಳಿದರು?"

"ಒಂದು ಮುದಿ ಬಾಳೆಮೀನು," ಎಂದಿತು ನೀರುಕೋಳಿ. "ಹಗಲೆಲ್ಲ ನೂಲಿ, ನೂಲಿ ಅಂತ ಬೈಯುತ್ತಲೇ ಇರುತ್ತದೆ. ಅದು ಅಷ್ಟು ಬೈಯಬೇಕಾದರೆ ಕೆಲಸ ಗಟ್ಟಿಯೇ ಇರಬೇಕು ಅಂದುಕೊಂಡು ಬಂದೆ."

ನೀತಿ: ಕೆಲಸ ಗಟ್ಟಿಯಾಗಿದ್ದು, ಕೆಟ್ಟಾಗ ಕರೆಯದೆ ಬಂದು ಸರಿಪಡಿಸುವವರ ಹೆಸರನ್ನು ಅವರು ಸಾರಬೇಕಾಗಿಲ್ಲ, ಲೋಕವೇ ಹೊತ್ತು ತಿರುಗುತ್ತದೆ.